ಸೆಕಿಯ ಹಗ್ಗ, ತೋಕಿಚಿಯ ಟ್ರಾಮ್

ಹತಾಜುಕುವಿನ ಸೆಕಿ ಒಂಬತ್ತನೇ ವಯಸ್ಸಿನಲ್ಲಿ ಹಗ್ಗ ಹಿಡಿದವಳು, ನಲವತ್ತೆರಡಾದರೂ ಬಿಟ್ಟಿರಲಿಲ್ಲ. ಆ ಬೆಟ್ಟದೂರಿನಲ್ಲಿ ಮರದ ತಿರುಗಣಿ ಎಂದರೆ ಇಬ್ಬರ ಕೆಲಸ. ಅಡ್ಡಲಾಗಿ ಮಲಗಿಸಿದ ದಿಂಡಿಗೆ ಹಗ್ಗ ಸುತ್ತಿರುತ್ತದೆ. ಒಬ್ಬರು ನೆಲದ ಮೇಲೆ ಕೂತು ಅದರ ಎರಡು ತುದಿಗಳನ್ನು ಬಲಗೈಯಲ್ಲೊಮ್ಮೆ ಎಡಗೈಯಲ್ಲೊಮ್ಮೆ ಎಳೆಯಬೇಕು. ದಿಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತದೆ. ಅದರ ತುದಿಗೆ ಸಿಕ್ಕಿಸಿದ ಮರಕ್ಕೆ ಇನ್ನೊಬ್ಬರು ಉಳಿ ಒಡ್ಡುತ್ತಾರೆ. ಬಟ್ಟಲಾಗಲಿ ಬುಗುರಿಯಾಗಲಿ ಹುಟ್ಟುವುದು ಹೀಗೆ. ಉಳಿ ಹಿಡಿದವನಿಗೆ ಹೆಸರು, ಹಗ್ಗ ಹಿಡಿದವಳಿಗೆ ಬೆನ್ನುನೋವು.

ಉಳಿ ಹೆಂಗಸರ ಕೈಗೆ ಬರುವಂತಿರಲಿಲ್ಲ. ಬೆಟ್ಟದ ದೇವತೆ ಹೆಣ್ಣು, ಇನ್ನೊಬ್ಬ ಹೆಣ್ಣು ಉಳಿ ಹಿಡಿದರೆ ಅವಳು ಮುನಿಯುತ್ತಾಳೆ ಎಂದು ಹಿಂದಿನವರು ಹೇಳಿಟ್ಟಿದ್ದರು. ಹೆಣ್ಣು ದಿನವಿಡೀ ಹಗ್ಗ ಜಗ್ಗಿದರೆ ಮಾತ್ರ ಆ ತಾಯಿಗೆ ಯಾವ ಮುನಿಸೂ ಇರಲಿಲ್ಲ. ಈ ವಿಚಾರ ಸೆಕಿಯ ತಲೆಗೆ ಚಿಕ್ಕಂದಿನಲ್ಲೇ ಹೊಳೆದಿತ್ತು. ಹೇಳಿದ್ದಕ್ಕೆ ಅಮ್ಮನಿಂದ ಬೆನ್ನ ಮೇಲೊಂದು ಬಿದ್ದಿತ್ತು.

ಆದರೆ ಅಪ್ಪ ಮಾಗೊಜಿಗೆ ಹಗ್ಗ ಎಳೆಯುವುದೆಂದರೆ ಅವಳಿಗೆ ಬೇಸರವಿರಲಿಲ್ಲ. ಆತ ಮಾತು ಕಡಿಮೆಯ ಮನುಷ್ಯ. ವರ್ಷಕ್ಕೊಮ್ಮೆ ಹೊಸ ವರ್ಷದ ದಿನ ಎರಡು ಬಟ್ಟಲು ಅಕ್ಕಿಯ ಹೆಂಡ ಕುಡಿದ ಮೇಲೆ ಒಂದೇ ಮಾತು ಹೇಳುತ್ತಿದ್ದ: “ನೀನು ಎಳೀತಿದ್ರೆ, ಹಗ್ಗದ ತುದೀಲಿ ಯಾರೋ ಕೂತಿದಾರೆ ಅನ್ನೋದೇ ನಂಗೆ ಮರ್ತೋಗತ್ತೆ ಮಗಳೇ.” ಹಗ್ಗ ಎಳೆಯುವವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಆ ಊರಿನಲ್ಲಿ ಇರಲಿಲ್ಲ. ಸೆಕಿ ಅದನ್ನು ವರ್ಷವಿಡೀ ಜೋಪಾನ ಮಾಡುತ್ತಿದ್ದಳು.

ಗಂಡು ಮಕ್ಕಳಿಲ್ಲದ ಮಾಗೊಜಿ, ಸೆಕಿಗೆ ಇಪ್ಪತ್ತಾದಾಗ ಕೆಳಗಿನ ಊರಿನಿಂದ ತೋಕಿಚಿ ಎಂಬವನನ್ನು ಮನೆ ಅಳಿಯನಾಗಿ ತಂದುಕೊಂಡ. ಹುಡುಗ ಒಳ್ಳೆಯ ಕೆಲಸಗಾರ, ಕಾಗದದಷ್ಟು ತೆಳುವಾಗಿ ಬಟ್ಟಲು ಕಡೆಯುತ್ತಾನೆ ಎಂದು ನಾಲ್ಕು ಜನ ಹೇಳಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಮಾವ ಎದುರಿಗೆ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮೊದಲ ದಿನ, ಮೊದಲ ಬಟ್ಟಲು. ಅಂಚಿಗೆ ಬರುವಾಗ ಉಳಿ ಜಾರಿತು. ತೋಕಿಚಿ ಹಿಂದೆ ತಿರುಗಿಯೂ ನೋಡದೆ ಹೇಳಿದ, “ಹಗ್ಗ ಕುಂಟ್ತಾ ಇದೆ.”

ಸೆಕಿ ತನ್ನ ಕೈ ನೋಡಿಕೊಂಡಳು. ಅಪ್ಪನ ಮುಖ ನೋಡಿದಳು. ಅಪ್ಪ ಪೈಪಿಗೆ ತಂಬಾಕು ತುಂಬುತ್ತ ಸುಮ್ಮನಿದ್ದ. ಹೊಸ ಅಳಿಯನನ್ನು ಮೊದಲ ದಿನವೇ ತಿದ್ದುವುದು ಬೇಡ ಎಂದಿರಬೇಕು. ಆ ಸುಮ್ಮನಿದ್ದದ್ದಕ್ಕೆ ಸೆಕಿ ಇಪ್ಪತ್ತೆರಡು ವರ್ಷ ತೆರಬೇಕಾಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನು ಕೆಟ್ಟರೂ ಹಗ್ಗ ಕುಂಟುತ್ತಿತ್ತು. ಮರದಲ್ಲಿ ಗಂಟು ಬಂದರೂ ಹಗ್ಗ, ಉಳಿ ಮೊಂಡಾದರೂ ಹಗ್ಗ. ಮಗಳು ಹುಟ್ಟಿ ಬೆಳೆದು ಮಿಶಿಮಾ ಪಟ್ಟಣಕ್ಕೆ ಮದುವೆಯಾಗಿ ಹೋದಳು, ಮಾಗೊಜಿ ತೀರಿಕೊಂಡು ಹನ್ನೆರಡು ವರ್ಷವಾಯಿತು, ಆ ಮಾತು ಮಾತ್ರ ಹೋಗಲಿಲ್ಲ. ತೋಕಿಚಿ ಕುಡುಕನಲ್ಲ, ಕೈ ಎತ್ತುವವನಲ್ಲ. ನೆರೆಯವರು ಸೆಕಿಯ ಅದೃಷ್ಟ ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹಗ್ಗ ಸರಿಯಾಗಿದೆ ಎಂದು ಒಂದೇ ಒಂದು ಸಲ ಈ ಗಂಡಸಿನ ಬಾಯಿಂದ ಬರಲಿ, ಆಮೇಲೆ ಬೇಕಾದರೆ ಸಾಯುತ್ತೇನೆ ಎಂದು ಅವಳು ಉಪ್ಪಿನಕಾಯಿ ಪೀಪಾಯಿಯೊಳಗೆ ತಲೆ ತಗ್ಗಿಸಿ ಮೂಲಂಗಿ ಒತ್ತುತ್ತ ಗೊಣಗಿಕೊಳ್ಳುತ್ತಿದ್ದಳು.

ಟ್ರಾಮಿನ ಕತೆ ಬಂದದ್ದು ರಷ್ಯಾದ ಯುದ್ಧ ಮುಗಿದ ಮಾರನೇ ವರ್ಷ. ಕೆಳಗೆ ಯುಮೊತೊದ ಬಿಸಿನೀರಿನ ಛತ್ರಗಳಿಗೆ ಒದವಾರಾದಿಂದ ವಿದ್ಯುತ್ ಟ್ರಾಮ್ ಬರತೊಡಗಿ ಐದಾರು ವರ್ಷವಾಗಿತ್ತು. ಟ್ರಾಮಿನಲ್ಲಿ ಬಂದಿಳಿದ ಮಕ್ಕಳಿಗೆ ಬುಗುರಿ ಬೇಡ, ಬೊಂಬೆ ಬೇಡ, ತಾವು ಹತ್ತಿ ಬಂದದ್ದೇ ಬೇಕು. ಅಲ್ಲಿನ ಸಗಟು ವ್ಯಾಪಾರಿ ಒಕಿನೊ ಅದಕ್ಕೇ ತೋಕಿಚಿಯನ್ನು ಕರೆಸಿ ಒಂದು ಮಾದರಿ ಮಾಡಿಕೊಡಲು ಹೇಳಿದ. ಬಣ್ಣ ಹೇಗಾದರೂ ಇರಲಿ, ಬಿಟ್ಟರೆ ನೆಟ್ಟಗೆ ಓಡಬೇಕು. ಮಕ್ಕಳು ಓಡಿಸುವುದು ಛತ್ರದ ಜಗಲಿಯ ಮೇಲೆ, ಅಡ್ಡ ಹೋದರೆ ತೋಟದ ಕೊಳಕ್ಕೆ ಬೀಳುತ್ತದೆ, ಮಗು ಅಳುತ್ತದೆ, ಅದರಪ್ಪ ನನ್ನಂಗಡಿಗೆ ಬರುತ್ತಾನೆ ಎಂದು ಆತ ಬಿಡಿಸಿ ಹೇಳಿದ. ಚೆರಿ ಹೂ ಉದುರಿ ಮುಗಿಯುವುದರೊಳಗೆ ತರದಿದ್ದರೆ ಒದವಾರಾದಲ್ಲಿ ಕಾಲಲ್ಲಿ ತುಳಿಯುವ ಹೊಸ ತಿರುಗಣಿ ಇಟ್ಟುಕೊಂಡವನೊಬ್ಬ ಕಾದಿದ್ದಾನೆ ಎಂದೂ ಸೇರಿಸಿದ. ಅದು ಹಗ್ಗ ಬೇಡದ ತಿರುಗಣಿ. ಒಬ್ಬನೇ ಕೂತು ಕೆಲಸ ಮುಗಿಸಬಹುದು.

ಮನೆಗೆ ಬಂದ ತೋಕಿಚಿ ಎಲ್ಲ ಹೇಳಿ ಕೊನೆಗೆ, “ಇದು ಕೆಟ್ರೆ ನಾನೂ ಆ ಕಾಲಿನ ತಿರುಗಣೀನೇ ತರಿಸ್ತೀನಿ. ಹಗ್ಗದ ಕಾಟ ತಪ್ಪತ್ತೆ,” ಎಂದ.

ಬಾರ್ಲಿ ಅನ್ನ ಬಡಿಸುತ್ತಿದ್ದ ಸೆಕಿಯ ಸೌಟು ನಿಂತಿತು. ಮೂವತ್ತಮೂರು ವರ್ಷ ಕೂತ ಜಾಗ ಅದು. ಅಲ್ಲಿಂದ ಏಳುವುದಾದರೆ ಏಳೋಣ, ಆದರೆ ಕುಂಟುವ ಹಗ್ಗದವಳು ಎಂಬ ಹೆಸರು ಹೊತ್ತುಕೊಂಡು ಏಳುವುದು ಹೇಗೆ? ಅವಳು ಅನ್ನದ ಬಟ್ಟಲನ್ನು ಕೊಂಚ ಜೋರಾಗಿಯೇ ಕೆಳಗಿಟ್ಟಳು.

ಮೊದಲ ಟ್ರಾಮ್ ಹತ್ತು ದಿನದಲ್ಲಿ ಮುಗಿಯಿತು. ತೋಕಿಚಿಯ ಕೈ ಚಳಕವನ್ನು ಸೆಕಿಯೂ ಅಲ್ಲಗಳೆಯುವಂತಿರಲಿಲ್ಲ. ಒಂದು ಗೇಣುದ್ದದ ಝೆಲ್ಕೋವಾ ಮರದ ತುಂಡಿನಲ್ಲಿ ಕಿಟಕಿಗಳನ್ನು ಕೊರೆದು, ಮುಂದೆ ದೀಪ, ಮಾಡಿನ ಮೇಲೆ ತಂತಿಗೆ ತಾಗುವ ಕೋಲು, ನೀಲಿ ಟೋಪಿಯ ಗುಂಡುತಲೆ ಚಾಲಕ. ಟ್ರಾಮಿನ ಮೂತಿಯ ಕೆಳಗೆ, ಅಡ್ಡ ಬಂದವರನ್ನು ಹಿಡಿಯುವ ಬಲೆ ಇರುತ್ತದಲ್ಲ, ಅದು ಬಿಟ್ಟುಹೋಗಿದೆ ಎಂದವಳು ಸೆಕಿ. ಬಟ್ಟಲು ಹೊತ್ತು ತಿಂಗಳಿಗೆರಡು ಸಲ ಯುಮೊತೊಗೆ ಇಳಿಯುತ್ತಿದ್ದವಳು ಅವಳು, ಟ್ರಾಮನ್ನು ಸರಿಯಾಗಿ ನೋಡಿದ್ದವಳೂ ಅವಳೇ. ಬಿದಿರಿನ ಸೀಳು ಹೆಣೆದು ಬಲೆಯೂ ಬಂತು. ನಾಲ್ಕು ಗಾಲಿಗಳನ್ನು ಬಿಳಿ ಮರದಲ್ಲಿ ಕಡೆದ ದಿನ ಅವಳ ಹಗ್ಗ ನೀರು ಹರಿದ ಹಾಗೆ ಹೋಗಿ ಬಂದಿತ್ತು. ಅದು ಅವಳಿಗೆ ಗೊತ್ತು, ಭುಜಕ್ಕೆ ಗೊತ್ತು.

ತೋಕಿಚಿ ತನ್ನ ಜಾಗದಲ್ಲಿ ಕೂತು ಬಾಗಿಲಿನ ಕಡೆಗೆ ಟ್ರಾಮನ್ನು ಮೆಲ್ಲಗೆ ತಳ್ಳಿದ. ಅರ್ಧ ದಾರಿ ನೆಟ್ಟಗೆ ಹೋಯಿತು. ಆಮೇಲೆ ಎಡಕ್ಕೆ ವಾಲಿ, ಮನೆಯ ಕೆಳಗೆ ಹೊಳೆ ಹರಿಯುವ ಆಳದ ಕೊಲ್ಲಿಯ ಕಡೆಯ ಗೋಡೆಗೆ ಮೂತಿ ತಾಗಿಸಿ ನಿಂತಿತು. ಮತ್ತೆ ತಳ್ಳಿದ. ಮತ್ತೆ ಅಲ್ಲೇ ಹೋಗಿ ನಿಂತಿತು. ಮೂರನೇ ಸಲಕ್ಕೆ ಅವನು ಎದ್ದು ಅದನ್ನು ಕೈಗೆತ್ತಿಕೊಂಡು ಗಾಲಿಗಳನ್ನು ಬೆಳಕಿಗೆ ಹಿಡಿದು ನೋಡಿದ.

“ಹಗ್ಗ ಕುಂಟ್ತಾ ಇದೆ. ಗಾಲಿ ಗುಂಡಗೆ ಬಂದಿಲ್ಲ,” ಎಂದು ಅದನ್ನು ಒಲೆಯ ಚಕ್ಕೆ ಬುಟ್ಟಿಗೆ ಎಸೆದ.

ಸಂಜೆ ಒಲೆ ಹೊತ್ತಿಸುವಾಗ ಸೆಕಿ ಚಕ್ಕೆಯೊಳಗಿಂದ ಟ್ರಾಮನ್ನು ಎತ್ತಿಕೊಂಡಳು. ಯಾಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ತನ್ನ ಮೇಲಿನ ದೂರನ್ನು ತಾನೇ ಸುಟ್ಟು ಅನ್ನ ಬೇಯಿಸುವುದು ಯಾಕೋ ಆಗಲಿಲ್ಲ. ಅದನ್ನು ಉಪ್ಪಿನಕಾಯಿ ಪೀಪಾಯಿಯ ಹಿಂದೆ ಬಚ್ಚಿಟ್ಟಳು.

ಎರಡನೆಯದು ಎಡಕ್ಕೆ ಹೋಯಿತು. ಮೂರನೆಯದೂ ಎಡಕ್ಕೇ ಹೋಯಿತು. ಗಾಲಿ ಬದಲಾಯಿಸಿದ, ಅಚ್ಚು ಬದಲಾಯಿಸಿದ, ಚಾಲಕನ ತಲೆ ಭಾರವಾಯಿತೆಂದು ಅದನ್ನೂ ಸಣ್ಣದು ಮಾಡಿದ. ಪಾಪದ ಚಾಲಕ ಬಟಾಣಿ ಕಾಳಿನಷ್ಟಾದ, ಟ್ರಾಮ್ ಮಾತ್ರ ಕೊಲ್ಲಿಗೋಡೆಯ ಪ್ರೀತಿ ಬಿಡಲಿಲ್ಲ. ಪ್ರತಿ ಸಲವೂ ಹಗ್ಗದ ಮೇಲೆ ಒಂದು ಮಾತು ಬೀಳುತ್ತಿತ್ತು. ಸೆಕಿ ತುಟಿ ಕಚ್ಚಿ ಎಳೆದಳು, ಉಸಿರು ಹಿಡಿದು ಎಳೆದಳು, ಕಣ್ಣು ಮುಚ್ಚಿ ಎಳೆದಳು. ಕೊನೆಕೊನೆಗೆ ತನ್ನ ಕೈಯ ಮೇಲೆ ಅವಳಿಗೇ ಅನುಮಾನ ಬಂತು. ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿರಲಿಲ್ಲ. ವಯಸ್ಸಾಯಿತೇನೋ, ಅಪ್ಪ ಹೇಳುತ್ತಿದ್ದದ್ದೂ ಕುಡಿದ ಮಾತೇ ಆಗಿತ್ತೇನೋ ಎಂದು ಪೀಪಾಯಿಯ ಮುಂದೆ ಕೂತು ಒಮ್ಮೆ ಅತ್ತಳು ಕೂಡ.

ಒಂದು ಬೆಳಿಗ್ಗೆ ತೋಕಿಚಿ ಮರ ತರಲು ಹೋಗಿದ್ದ. ಸೆಕಿ ಕೆಂಪು ಅವರೆ ಆರಿಸುತ್ತ ಬಾಗಿಲ ಹತ್ತಿರ ಕೂತಿದ್ದಳು. ನಾಲ್ಕು ಕಾಳು ಮೊರದಿಂದ ಜಾರಿ ಹಲಗೆ ನೆಲದ ಮೇಲೆ ಉರುಳಿದವು. ಅವಳು ನೋಡದೆಯೇ ಎದ್ದು ಹೋಗಿ ಕೊಲ್ಲಿಗೋಡೆಯ ಬುಡದಲ್ಲಿಟ್ಟಿದ್ದ ಬಟ್ಟಲಿನಿಂದ ಅವನ್ನು ಆರಿಸಿಕೊಂಡಳು. ಆ ಬಟ್ಟಲನ್ನು ಅಲ್ಲಿ ಇಟ್ಟವಳು ಅವಳಮ್ಮ. ಬಿದ್ದ ಕಾಳು ಕೊಲ್ಲಿ ಕಡೆಗೇ ಹೋಗುವುದು, ಅದು ಕಾಳಿನ ಗುಣ ಎಂದು ಅಮ್ಮ ಹೇಳುತ್ತಿದ್ದಳು. ಹತಾಜುಕುವಿನ ಎಲ್ಲ ಮನೆಯಲ್ಲೂ ಅಂಥದೊಂದು ಬಟ್ಟಲು ಇತ್ತು. ಬೆಟ್ಟದ ಓರೆಗೆ ಕಟ್ಟಿದ ಮನೆಗಳು, ಮಳೆಗೆ ಕೆಳಗಿನ ಕಂಬಗಳು ವರ್ಷಕ್ಕೊಂದು ಕೂದಲೆಳೆಯಷ್ಟು ಕುಸಿಯುತ್ತ ಬಂದದ್ದು ಅಲ್ಲಿ ಹುಟ್ಟಿ ಬೆಳೆದವರಿಗೆ ತಿಳಿಯುವುದು ಹೇಗೆ? ಅವರ ಸೂಪು ಬಟ್ಟಲಿನಲ್ಲಿ ಒಂದು ಕಡೆಗೆ ನಿಲ್ಲುತ್ತಿತ್ತು, ಅವರು ಆ ಕಡೆಯಿಂದಲೇ ಕುಡಿಯುತ್ತಿದ್ದರು.

ಸೆಕಿ ಅಂಗೈಯ ಕಾಳುಗಳನ್ನು ಮತ್ತೊಮ್ಮೆ ಬಾಗಿಲ ಹತ್ತಿರ ಬಿಟ್ಟಳು, ಅವು ಮತ್ತೆ ಬಟ್ಟಲಿಗೇ ಹೋದವು. ಆಮೇಲೆ ಪೀಪಾಯಿಯ ಹಿಂದಿನಿಂದ ಟ್ರಾಮನ್ನು ತಂದು, ಈ ಸಲ ಬಾಗಿಲಿನಿಂದ ತಿರುಗಣಿಯ ಕಡೆಗೆ ಬಿಟ್ಟಳು. ಗಾಲಿ ಕೆಟ್ಟಿದ್ದರೆ ಅದು ತನ್ನ ಎಡಕ್ಕೆ, ಎಂದರೆ ಬೆಟ್ಟದ ಕಡೆಗೆ ಹೋಗಬೇಕಿತ್ತು. ಅದು ಬಲಕ್ಕೆ ವಾಲಿ ಮತ್ತೆ ಕೊಲ್ಲಿಗೋಡೆಗೇ ಮೂತಿ ತಾಗಿಸಿತು.

ತೋಕಿಚಿ ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಅವಳು ವಿಷಯ ಹೇಳಿದಳು. ಕಾಳು ಉರುಳಿಸಿ ತೋರಿಸಿದಳು. ಅವನು ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ಏನೋ ಬಂದು ಹೋಯಿತು.

“ಈ ನೆಲ ಹಾಸಿದ್ದು ಯಾರು?” ಎಂದು ಕೇಳಿದ.

“ಅಪ್ಪ.”

“ನಿಮ್ಮಪ್ಪ ಹಾಸಿದ ನೆಲಾನ ಸೊಟ್ಟ ಅಂತ ಈ ಮನೆಗೆ ಬಂದ ಅಳಿಯ ಹೇಳ್ಬೇಕಾ? ಊರೋರು ಏನಂತಾರೆ? ಉಳೀನೇ ಮುಟ್ಟದೋಳು ನಂಗೆ ಕೆಲಸ ಕಲಿಸ್ಬೇಡ.”

ಅಲ್ಲಿಗೆ ಮಾತು ಮುಗಿಯಿತು. ಸತ್ತ ಮಾವನ ನೆಲ ಸೊಟ್ಟಗಿರುವಂತಿಲ್ಲ, ಬದುಕಿರುವ ಹೆಂಡತಿಯ ಕೈ ಸೊಟ್ಟಗಿರಬಹುದು. ಸೆಕಿಗೆ ಅವನನ್ನೂ ಅವನ ಟ್ರಾಮನ್ನೂ ಎತ್ತಿ ಕೊಲ್ಲಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅವರೆ ಬೇಯಲು ಇಟ್ಟಳು.

ತೋಕಿಚಿ ಏಳನೆಯ ಟ್ರಾಮಿಗೆ ಉಪಾಯ ಕಂಡುಹಿಡಿದ. ಬಲಗಡೆಯ ಎರಡು ಗಾಲಿಗಳನ್ನು ಉಗುರು ತೆಳ್ಳಗೆ ಹೆರೆದು ಸಣ್ಣದು ಮಾಡಿದ. ಈಗ ಅದು ಅವನ ಜಾಗದಿಂದ ಬಾಗಿಲ ತನಕ ದಾರ ಹಿಡಿದಂತೆ ಹೋಯಿತು. ತೋಕಿಚಿ ಹನ್ನೆರಡು ಸಲ ಬಿಟ್ಟು ನೋಡಿದ, ಹನ್ನೆರಡು ಸಲವೂ ಹೋಯಿತು. ಕುಂಟುವ ಹಗ್ಗವನ್ನೂ ನನ್ನ ಉಳಿ ಸರಿಮಾಡಿತು ಎಂದು ಪಕ್ಕದ ಮನೆಯವರೆಗೂ ಹೋಗಿ ಹೇಳಿ ಬಂದ.

ಮಾರನೆಯ ದಿನ ಇಬ್ಬರೂ ಯುಮೊತೊಗೆ ಇಳಿದರು. ಏಳನೆಯ ಟ್ರಾಮ್ ಬಟ್ಟೆಯಲ್ಲಿ ಸುತ್ತಿಕೊಂಡು ತೋಕಿಚಿಯ ಅಂಗಿಯೊಳಗೆ, ಎದೆಯ ಹತ್ತಿರ ಇತ್ತು. ಬಟ್ಟಲಿನ ಹೊರೆ ಎಂದಿನಂತೆ ಸೆಕಿಯ ಬೆನ್ನ ಮೇಲೆ. ಹೊರೆಯ ತಳದಲ್ಲಿ, ಹುಲ್ಲಿನೊಳಗೆ, ಮೊದಲನೆಯ ಟ್ರಾಮ್ ಇತ್ತು. ಕಲ್ಲು ಹಾಸಿದ ಹಳೆಯ ದಾರಿಯುದ್ದಕ್ಕೂ ಚೆರಿ ಹೂ ಉದುರಿ ಒದ್ದೆಯಾಗಿ ಬಿದ್ದಿತ್ತು. ಹುಲ್ಲಿನ ಚಪ್ಪಲಿ ಜಾರುತ್ತಿತ್ತು. ಮೊದಲನೆಯದು ಸಮನೆಲದ ಮೇಲೆ ಹೇಗೆ ಓಡುತ್ತದೆಂದು ಸೆಕಿಗೂ ಗೊತ್ತಿರಲಿಲ್ಲ, ಸಮನೆಲ ಎಂಬುದು ಅವಳೂರಿನಲ್ಲಿ ಎಲ್ಲಿತ್ತು?

ಒಕಿನೊನ ಅಂಗಡಿ ಹೊಸದು. ಒದವಾರಾದ ಬಡಗಿಗಳು ಹಾಸಿದ ಹಲಗೆ ನೆಲ, ಮಣ್ಣಿನ ಅಂಗಳದಿಂದ ಮಂಡಿಯೆತ್ತರದಲ್ಲಿತ್ತು. ಒಕಿನೊ ಚಹಾ ತರಿಸಿದ, ಟ್ರಾಮನ್ನು ತಿರುಗಿಸಿ ಮುರುಗಿಸಿ ನೋಡಿದ, ಮುಂದಿನ ಬಲೆಯನ್ನು ಬೆರಳಲ್ಲಿ ಮುಟ್ಟಿ ಇದನ್ನೂ ಬಿಟ್ಟಿಲ್ಲವಲ್ಲ ಎಂದು ಮೆಚ್ಚಿದ. ತೋಕಿಚಿ ಅದಕ್ಕೆ ತಲೆಬಾಗಿದ. ಸೆಕಿ ಕಡೆ ನೋಡಲಿಲ್ಲ.

ಆಮೇಲೆ ಒಕಿನೊ ಟ್ರಾಮನ್ನು ನೆಲಕ್ಕಿಟ್ಟು ತಳ್ಳಿದ. ಅದು ಹೊರಟ ಕ್ಷಣದಿಂದಲೇ ಬಲಕ್ಕೆ ತಿರುಗಿತು. ತಿರುಗುತ್ತ ತಿರುಗುತ್ತ ಅಂಚಿಗೆ ಬಂದು, ಬಟಾಣಿ ತಲೆಯ ಚಾಲಕನ ಸಮೇತ ಮಣ್ಣಿನಂಗಳಕ್ಕೆ ಧುಮುಕಿತು. ಮಾಡಿನ ಕೋಲು ಮುರಿಯಿತು.

ತೋಕಿಚಿಯ ಕಿವಿ ಕೆಂಪಾಯಿತು. ಕೆಳಗಿಳಿದು ಟ್ರಾಮನ್ನು ಎತ್ತಿಕೊಂಡು ಅಲ್ಲಿಂದಲೇ ಹೇಳಿದ, “ನಮ್ಮನೆಯೋಳ ಹಗ್ಗ ಸ್ವಲ್ಪ ಕುಂಟತ್ತೆ ಒಕಿನೊ ಅವರೇ. ಕಾಲಿನ ತಿರುಗಣಿ ತರಿಸ್ತೀನಿ. ಒಂದು ತಿಂಗಳು ಕೊಡಿ.”

ಇಷ್ಟು ದಿನ ಮನೆಯೊಳಗಿದ್ದ ಮಾತು ಈಗ ಯುಮೊತೊದ ಅಂಗಡಿಗೂ ಬಂತು. ಸೆಕಿ ಹೊರೆ ಬಿಚ್ಚಿದಳು. ಬಟ್ಟಲುಗಳನ್ನು ಒಂದೊಂದಾಗಿ ಹೊರಗಿಟ್ಟು, ಹುಲ್ಲು ಸರಿಸಿ, ಮೊದಲನೆಯ ಟ್ರಾಮನ್ನು ತೆಗೆದಳು. ಅದಕ್ಕೆ ಉಪ್ಪಿನಕಾಯಿಯ ವಾಸನೆ ಹತ್ತಿತ್ತು. ಯಾರನ್ನೂ ಕೇಳದೆ ನೆಲಕ್ಕಿಟ್ಟು ಬೆರಳಿಂದ ತಳ್ಳಿದಳು. ತಳ್ಳಿದ್ದು ಸ್ವಲ್ಪ ಜೋರೇ ಆಯಿತು.

ಟ್ರಾಮ್ ಹಲಗೆಯ ಗೆರೆ ಹಿಡಿದು ಹೊರಟಿತು. ಚಹಾ ತಟ್ಟೆಯ ಪಕ್ಕದಿಂದ, ಒಕಿನೊನ ಮಂಡಿಯ ಮುಂದಿನಿಂದ ಸಾಗಿ, ಅಂಗಡಿಯ ಆ ತುದಿಯ ಕಪಾಟಿಗೆ ಹೋಗಿ ನಿಂತಿತು. ಒಕಿನೊ ಎದ್ದು ಅಲ್ಲಿಂದ ವಾಪಸು ಬಿಟ್ಟ. ನೆಟ್ಟಗೆ ಸೆಕಿಯ ಮಡಿಲಿಗೆ ಬಂತು.

ಇಂಥದ್ದೇ ಬೇಕು, ಎಷ್ಟು ಮಾಡಿದರೂ ತೆಗೆದುಕೊಳ್ಳುತ್ತೇನೆ ಎಂದ ಒಕಿನೊ, ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದ. “ಮರ್ತಿತ್ತು,” ಎಂದ ತೋಕಿಚಿ. ಸೆಕಿ ಬಟ್ಟಲುಗಳನ್ನು ಎಣಿಸಿ ಒಕಿನೊನ ಮುಂದೆ ಜೋಡಿಸಿದಳು. ಅಂಗಡಿಯವನ ಮುಂದೆ ಅವಳಿಗೆ ಬೇಕಾದದ್ದು ಸಿಗುವಂತಿರಲಿಲ್ಲ.

ವಾಪಸು ಏರುವ ದಾರಿಯಲ್ಲಿ ಅವನು ಹತ್ತು ಹೆಜ್ಜೆ ಮುಂದೆ ನಡೆದ. ಈಗ ಹೇಳುತ್ತಾನೆ, ಆ ತಿರುವಿನಲ್ಲಿ ಹೇಳುತ್ತಾನೆ, ಚಹಾದಂಗಡಿ ದಾಟಿದ ಮೇಲೆ ಹೇಳುತ್ತಾನೆ ಎಂದು ಸೆಕಿ ಕಾದಳು. ಅವನು ಕೆಮ್ಮಿದ ಅಷ್ಟೇ.

ಮರುದಿನ ಬೆಳಿಗ್ಗೆ ಅವನು ಅಗಲ ತಟ್ಟೆಯಲ್ಲಿ ನೀರು ತುಂಬಿ ನೆಲದ ಮೇಲಿಟ್ಟು ನೋಡಿದ. ಆಮೇಲೆ ಮನೆಯ ಕೆಳಗೆ ನುಸುಳಿದ. ಮೂರು ದಿನ ಕೊಲ್ಲಿ ಕಡೆಯ ಕಂಬಗಳಿಗೆ ಬೆಣೆ ಬಡಿದ. ಮೈತುಂಬ ಜೇಡರ ಬಲೆ, ಕೈಯೆಲ್ಲ ಗಾಯ. ಒಂದು ಮಾತು ಆಡುವುದನ್ನು ತಪ್ಪಿಸಿಕೊಳ್ಳಲು ಈ ಮನುಷ್ಯ ಮನೆಯನ್ನೇ ಎತ್ತಿ ನಿಲ್ಲಿಸುತ್ತಾನಲ್ಲ ಎಂದು ಸೆಕಿ ಹಲ್ಲು ಕಡಿದಳು. ನಾಲ್ಕನೇ ದಿನ ಅವರೆ ಕಾಳು ಬಿದ್ದಲ್ಲೇ ನಿಂತಿತು. ಅಮ್ಮನ ಬಟ್ಟಲಿಗೆ ಕೆಲಸವಿಲ್ಲದಂತಾಯಿತು.

ಒಕಿನೊನ ಗಾಲಿ ಕಡೆಯಲು ಇಬ್ಬರೂ ಕೂತರು. ಸೆಕಿ ಹಗ್ಗ ಎಳೆದಳು. ಏನೋ ಸರಿಯಿಲ್ಲ ಎಂದು ಅವಳಿಗೆ ಎರಡನೇ ಎಳೆತದಲ್ಲೇ ಗೊತ್ತಾಯಿತು. ಮೂವತ್ತಮೂರು ವರ್ಷ ವಾಲಿದ ನೆಲದ ಮೇಲೆ ಕೂತ ಸೊಂಟ ಸಮನೆಲದ ಮೇಲೆ ತಾನೇ ವಾಲುತ್ತಿತ್ತು. ಎಡಗೈ ಹೆಚ್ಚು ಬಂತು, ಬಲಗೈ ತಡವಾಯಿತು. ಉಳಿ ಕಿರುಗುಟ್ಟಿತು. ಈಗ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಹಗ್ಗ ನಿಜವಾಗಿ ಕುಂಟುತ್ತಿತ್ತು. ಅವಳು ಬೆನ್ನು ಸೆಟೆದು ಆ ಮಾತಿಗೆ ಕಾದಳು.

ತೋಕಿಚಿ ಉಳಿ ಕೆಳಗಿಟ್ಟ. ಎದ್ದು ಮೂಲೆಯಿಂದ ಒಂದು ತೆಳು ಹಲಗೆ ತಂದು, ಅವಳ ಚಾಪೆಯ ಬೆಟ್ಟದ ಕಡೆಯ ಅಂಚಿನ ಕೆಳಗೆ ತುರುಕಿದ. ಸೊಂಟಕ್ಕೆ ಹಳೆಯ ಓರೆ ಸಿಕ್ಕಿತು. ಅವನು ವಾಪಸು ಹೋಗಿ ಉಳಿ ಎತ್ತಿಕೊಂಡು ಕಾದ.

ಸೆಕಿ ಎಳೆಯಲಿಲ್ಲ.

“ಬಾಯಲ್ಲಿ ಹೇಳಿ,” ಎಂದಳು.

“ಏನ್ ಹೇಳ್ಬೇಕು?”

“ನಿಮಗ್ಗೊತ್ತು.”

ಅವನು ಉಳಿಯ ಅಂಚನ್ನು ಹೆಬ್ಬೆರಳಲ್ಲಿ ಎರಡು ಸಲ ಸವರಿದ. “ಹಗ್ಗ ಸರಿಯಾಗೇ ಇತ್ತು,” ಎಂದ, ತಿರುಗಣಿಯ ಕಡೆಗೆ ಮುಖ ಮಾಡಿಕೊಂಡೇ.

“ಯಾವಾಗಿಂದ?”

“ನಾನು ಈ ಮನೆಗೆ ಬಂದ ದಿನದಿಂದ.” ಉಳಿಯನ್ನು ಮಂಡಿಯ ಮೇಲಿಟ್ಟು, “ನಿಮ್ಮಪ್ಪ ಎದುರಿಗೆ ಕೂತಿದ್ರು. ಕೈ ಜಾರಿದ್ದು ನಂದು ಅಂತ ಹೇಳೋಕಾಗ್ಲಿಲ್ಲ. ಆಮೇಲೆ ಅದೇ ಬಾಯಿಗೆ ಬಂದ್ಬಿಡ್ತು,” ಎಂದ.

ಈ ಮಾತು ಕೇಳಿದರೆ ಎದೆ ಹಗುರಾಗುತ್ತದೆಂದು ಇಪ್ಪತ್ತೆರಡು ವರ್ಷ ನಂಬಿದ್ದಳು. ಹಗುರಾಗಲಿಲ್ಲ. ಗೊತ್ತಿಲ್ಲದೆ ಅಂದಿದ್ದರೆ ಮೂರ್ಖ ಎಂದು ಬಿಡಬಹುದಿತ್ತು. ಇವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಪೀಪಾಯಿಯ ಮುಂದೆ ಕೂತು ತಾನು ತನ್ನ ಕೈಯನ್ನೇ ಅನುಮಾನಿಸಿ ಅತ್ತ ಹೊತ್ತಿನಲ್ಲೂ ಗೊತ್ತಿತ್ತು.

ಅವಳು ಹಗ್ಗ ಎತ್ತಿಕೊಂಡಳು. ಒಂದು, ಎರಡು, ಮೂರು ಎಳೆತ, ಅಪ್ಪನಿಗೆ ಎಳೆಯುತ್ತಿದ್ದಂಥವು. ಬಿಳಿ ಮರದ ಸುರುಳಿ ಉಳಿಯ ಮೇಲಿಂದ ಮೆತ್ತಗೆ ಇಳಿಯಿತು, ಗಾಲಿ ದುಂಡಗೆ ಮೂಡಿತು. ನಾಲ್ಕನೆಯ ಎಳೆತಕ್ಕೆ ಅವಳು ಬಲಗೈಯಿಂದ ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದಳು. ಉಳಿ ಎಗರಿ ಗಾಲಿಯ ಮೈಯಲ್ಲಿ ಆಳವಾದ ಗಾಯ ಬಿತ್ತು. ತೋಕಿಚಿ ಬೆಚ್ಚಿ ತಿರುಗಿ ನೋಡಿದ. ಇಷ್ಟು ವರ್ಷದಲ್ಲಿ ಉಳಿ ಕೈಯಲ್ಲಿರುವಾಗ ಅವನು ಹಗ್ಗದ ಕಡೆಗೆ ತಿರುಗಿದ್ದು ಅದೇ ಮೊದಲು.

“ನೋಡ್ಕೊಳಿ,” ಎಂದಳು ಸೆಕಿ. “ಹಗ್ಗ ಕುಂಟೋದು ಅಂದ್ರೆ ಹಿಂಗಿರತ್ತೆ.”

ಅವನು ಕೆಟ್ಟ ಗಾಲಿಯನ್ನು ಕಳಚಿ ಚಕ್ಕೆ ಬುಟ್ಟಿಗೆ ಹಾಕಿ, ಬೇರೆ ಮರ ಸಿಕ್ಕಿಸಿದ.